ಮಗಳ ಭಾಷಣ, ನನ್ನ ಅನ್ನನಾಳ

ಮನೆಯಲ್ಲಿ ಒಬ್ಬರು ಕ್ಯಾನ್ಸರ್ ಸಂಶೋಧನೆ ಮಾಡುತ್ತಿದ್ದರೆ ಉಳಿದವರು ನೆಮ್ಮದಿಯಾಗಿ ಕೆಮ್ಮುವ ಹಾಗೂ ಇಲ್ಲ. ನನ್ನ ಮಗಳು ಶ್ರಾವ್ಯ ಅನ್ನನಾಳದ ಕ್ಯಾನ್ಸರಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ನಾನು ಮಲಾಡಿನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವವನು. ಜನರ ಅನ್ನನಾಳಕ್ಕೆ ಇಡ್ಲಿ ಇಳಿಸುವುದು ನನ್ನ ಕೆಲಸ, ಆಮೇಲೆ ಒಳಗೇನಾಗುತ್ತದೆ ಎಂದು ನೋಡುವುದು ಅವಳದು. ಒಂದೇ ಧಂದೆಯ ಎರಡು ಕೌಂಟರ್ ಎಂದು ಗೆಳೆಯರ ಮುಂದೆ ಜಂಭ ಕೊಚ್ಚುವುದುಂಟು. ದಹಿಸರ್‌ನ ಕನ್ನಡ ಸಂಘದವರು ಅವಳನ್ನು ಭಾಷಣಕ್ಕೆ ಕರೆದರು. ಅವಳ ಕನ್ನಡವೋ ನಡುದಾರಿಯಲ್ಲಿ ಇಳಿದು ಹಿಂದಿಯ ಲೋಕಲ್ ರೈಲು ಹತ್ತುವಂಥದ್ದು. ಹಾಗಾಗಿ ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲೇ ತಾಲೀಮು. ಶ್ರೋತೃಗಳು ನಾನು ಮತ್ತು ನನ್ನ ಹೆಂಡತಿ ಸುಮತಿ.

"ಪಪ್ಪಾ, ಸೆಲ್ ಮೇಲೆ ರಿಸೆಪ್ಟರ್ ಇರ್ತದೆ. 'ಬೆಳೆ' ಅಂತ ಹೊರಗಿಂದ ಸಿಗ್ನಲ್ ಬಂದ್ರೆ, ಅದು ಒಳಗೆ ಒಂದರಿಂದ ಒಂದಕ್ಕೆ ಪಾಸ್ ಆಗಿ ನ್ಯೂಕ್ಲಿಯಸ್‌ಗೆ ಮುಟ್ತದೆ. ಕೆಲಸ ಆದ್ಮೇಲೆ ಬಂದ್ ಆಗ್ಬೇಕು. ಕ್ಯಾನ್ಸರ್‌ನಲ್ಲಿ ಬಂದ್ ಹೀ ನಹೀ ಹೋತಾ."

"ಅಂದ್ರೆ ಗಿರಾಕಿ ಎದ್ದು ಹೋದ್ರೂ ಭಟ್ಟರು ದೋಸೆ ಹೊಯ್ತಾನೇ ಇರೋದು" ಎಂದೆ. ಅವಳಿಗೆ ಖುಷಿಯಾಯಿತು. ಕೆಲವು ಗಡ್ಡೆಗಳಲ್ಲಿ ಆ ರಿಸೆಪ್ಟರೇ ವಿಪರೀತ ಇರುತ್ತದಂತೆ. ಬಣ್ಣ ಹಾಕಿ ನೋಡಿದರೆ ಎದ್ದು ಕಾಣುತ್ತದಂತೆ. ಅದನ್ನು ಮಾರ್ಕರ್ ಅನ್ನುತ್ತಾರೆ. ಯಾರಿಗೆ ಯಾವ ಔಷಧ ನಾಟಬಹುದು ಎಂಬುದಕ್ಕೆ ಅದೊಂದು ಗುರುತು. ಇಲ್ಲಿಯವರೆಗೆ ನಾನು ತಲೆದೂಗುತ್ತಿದ್ದೆ. ಆಮೇಲೆ ಅವಳು ಲಕ್ಷಣಗಳಿಗೆ ಬಂದಳು: ನುಂಗಿದ ತುತ್ತು ಎದೆಯಲ್ಲಿ ಸಿಕ್ಕಿಕೊಂಡ ಹಾಗಾಗುವುದು. ನನ್ನ ಕೈಯಲ್ಲಿದ್ದ ಇಡ್ಲಿ ಅಲ್ಲೇ ನಿಂತಿತು. ಕೆಲವು ವಾರಗಳಿಂದ ನನಗೆ ಹಾಗೇ ಆಗುತ್ತಿತ್ತು. ಚಟ್ನಿ ಗಟ್ಟಿಯಾಯಿತೆಂದು ಭಟ್ಟರನ್ನು ಬೈದು ಸುಮ್ಮನಾಗಿದ್ದೆ.

"ನಮ್ಮಲ್ಲಿಗೆ ಬರುವ ಒಬ್ಬರಿಗೆ ಹಾಗಾಗ್ತದಂತೆ" ಎಂದೆ.

ಶ್ರಾವ್ಯ ನನ್ನ ತಟ್ಟೆ ನೋಡಿದಳು. "ಅವರು ಕುದಿಯುವ ಚಹಾ ಗಟಗಟ ಕುಡೀತಾರಾ?"

"ಹಾಗೇ, ಸ್ವಲ್ಪ."

"ಪಪ್ಪಾ, ಸಚ್ ಬೋಲೋ."

"ನಾನೇ" ಎಂದೆ. ಸುಮತಿ ಗ್ಯಾಸ್ ಆರಿಸಿದಳು.

ಆ ವಾರವೇ ಎಂಡೋಸ್ಕೋಪಿ ಆಯಿತು. ಒಳಗಿಂದ ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ವರದಿ ಬರುವವರೆಗೆ ಮನೆಯಲ್ಲಿ ಟಿವಿ ಹಾಕಲಿಲ್ಲ. ಶ್ರಾವ್ಯ ನನಗಿಂತ ಕಡಿಮೆ ಉಂಡಳು. ಅಷ್ಟೊಂದು ಸಿಗ್ನಲ್ಲುಗಳ ಹೆಸರು ಬಲ್ಲ ಹುಡುಗಿ, ಅಪ್ಪನ ವಿಷಯಕ್ಕೆ ಬಂದಾಗ ಅಮ್ಮನ ಪಕ್ಕ ದೇವರ ಮುಂದೆ ಕೂತುಬಿಟ್ಟಳು. ಅದನ್ನು ನೋಡಿದ ಮೇಲೆ ನನಗೂ ನಿಜವಾಗಿ ಹೆದರಿಕೆಯಾಯಿತು.

ಡಾಕ್ಟರು ವರದಿ ನೋಡಿ, ಕ್ಯಾನ್ಸರ್ ಅಲ್ಲ, ಹೊಟ್ಟೆಯ ಆಸಿಡ್ ಮೇಲೆ ಬಂದು ಅನ್ನನಾಳ ಊದಿಕೊಂಡಿದೆ, ಗುಳಿಗೆ ತಗೊಳ್ಳಿ, ಚಹಾ ಆರಿಸಿ ಕುಡಿಯಿರಿ ಎಂದರು. ಸುಮತಿ ಅಳುತ್ತಲೇ ನಕ್ಕಳು. ನಾನು ಮಾತ್ರ ಗಂಭೀರವಾಗಿ, "ಮಾರ್ಕರ್ ನೋಡಿದ್ದೀರಾ?" ಎಂದು ಹಿಂದಿಯಲ್ಲಿ ವಿಚಾರಿಸಿದೆ. ಕ್ಯಾನ್ಸರ್ ಇದ್ದರಲ್ಲವೇ ಅದನ್ನು ನೋಡುವುದು ಎಂದು ಅವರು ಮುಂದಿನ ಪೇಷಂಟನ್ನು ಕರೆದರು. ರಿಕ್ಷಾದಲ್ಲಿ ಮಗಳು ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆಹೋದಳು. ಬದುಕಿದೆ ಎಂಬ ಸಂತೋಷ ಇದ್ದೇ ಇತ್ತು. ಆದರೂ ಇಷ್ಟೆಲ್ಲ ಕಲಿತುಕೊಂಡವನಿಗೆ ಕೊನೆಗೆ ಬರೀ ಆಸಿಡ್ಡೇ ಎಂಬ ಸಣ್ಣ ಅವಮಾನ, ನಾಚಿಕೆ ಬಿಟ್ಟು ಹೇಳುತ್ತೇನೆ, ಮಲಾಡ್ ಸ್ಟೇಷನ್ ಬರುವವರೆಗೂ ಹೋಗಲಿಲ್ಲ.