ಬಲಗಲ್ಲದ ಮಚ್ಚೆ

ಸುಗಲಾಬಾಯಿಯ ಅಂದಿನ ಪಡಿಪಾಟಲಿಗೆಲ್ಲ ಕಾರಣ ಸಾಸಿವೆ ಕಾಳಿಗಿಂತ ಚೂರು ದೊಡ್ಡದಾದ ಒಂದು ಕಪ್ಪು ಚುಕ್ಕೆ. ಅದು ಇದ್ದದ್ದು ಅವಳ ಬಲಗಲ್ಲದ ಮೇಲೆ, ತುಟಿಯ ಅಂಚಿನಿಂದ ಒಂದು ಬೆರಳು ದೂರದಲ್ಲಿ. ಬುಧವಾರ ಬೆಳಿಗ್ಗೆ ಎದ್ದಾಗ ಇರಲಿಲ್ಲ, ಹೊತ್ತು ಮಾರುದ್ದ ಏರುವುದರೊಳಗೆ ಇತ್ತು. ಇನ್ನು ಮಣ್ಣಿಗೆ ಹೋಗುವ ತನಕ ಇರುತ್ತದೆ. ಯಾಕೆಂದರೆ ಅದನ್ನು ಚುಚ್ಚಿದವಳು ನ್ಯಾಲ್ಕಲ್ಲಿನ ಹಚ್ಚೆ ಹಾಕುವ ಬಾಳಮ್ಮ. ಬಾಳಮ್ಮನ ಸೂಜಿಯ ಗುರುತು ಅಳಿಸಿದ್ದನ್ನು ಜಹೀರಾಬಾದಿನಲ್ಲಿ ಯಾರೂ ಕಂಡಿಲ್ಲ.

ಅದು ನಿಜಾಮರ ಆಳ್ವಿಕೆಯ ಕಡೆಯ ವರ್ಷಗಳ ಮಾತು. ಊರ ಹೊರಗೆ ಸ್ಟೇಷನ್ನಿನ ಹತ್ತಿರ ಒಂದು ಟೆಂಟು ಬೈಸ್ಕೋಪು ಬಂದು ಬಿಡಾರ ಹೂಡಿತ್ತು. ಗಂಡಸರು ಪರದೆಯ ಈಚೆ ಕೂರಬೇಕು, ಹೆಂಗಸರು ಪರದೆಯ ಆಚೆ. ಗೋಷಾದ, ಪರಗಂಡಸರ ಕಣ್ಣಿಗೆ ಬೀಳದ ಹೆಣ್ಣುಮಕ್ಕಳೂ ಬರಲಿ ಎಂದು ಟೆಂಟಿನವನು ಮಾಡಿದ ಏರ್ಪಾಡು. ನೀರು ಹೊಡೆದು ಬಿಗಿದ ಬಿಳಿ ಬಟ್ಟೆಯಲ್ಲಿ ಚಿತ್ರ ಎರಡೂ ಕಡೆ ಮೂಡುತ್ತಿತ್ತು. ಪರದೆಯ ಮೇಲಿನ ಅಕ್ಷರ ಯಾವ ಕಡೆಯಿಂದ ನೋಡಿದರೂ ಓದಲು ಬಾರದ ಹೆಂಗಸರಿಗೆ ಅದರಲ್ಲಿ ಏನೂ ಕೊರತೆ ಕಾಣಲಿಲ್ಲ.

ಸುಗಲಾಬಾಯಿಯ ಅತ್ತೆ ಶಾಂತಾಬಾಯಿಗೆ ಮಾತ್ರ ಬೈಸ್ಕೋಪಿನ ಹೆಸರೆತ್ತಿದರೆ ಮೈಯೆಲ್ಲ ಉರಿ. ಆ ಹೆಂಗಸಿಗೆ ಶಾಂತಾಬಾಯಿ ಎಂದು ಹೆಸರಿಟ್ಟವರು ಯಾರೋ ಪುಣ್ಯಾತ್ಮರು, ಆಕೆ ಬಾಯಿ ತೆರೆಯುವ ಮೊದಲೇ ಇಟ್ಟಿರಬೇಕು. "ನಮ್ಮನಿ ಹೆಣ್ಣಮಗಳು ಆ ಡೇರೆದಾಗ ಕಾಲಿಟ್ಟಾಳಂತ ಗೊತ್ತಾತು ಅಂದ್ರ, ಅವತ್ತೇ ಗೌಂಡಿ ಕರಸಿ ಹಿತ್ತಲ ಕಿಂಡಿ ಮುಚ್ಚಸ್ತೀನಿ, ಲಿಂಗದಾಣಿ" ಎಂದು ಆಕೆ ಎಂದೋ ಸಾರಿಬಿಟ್ಟಿದ್ದರು.

ಆ ಕಿಂಡಿ ಎಂದರೆ ಹಿತ್ತಲ ಗೋಡೆಯಲ್ಲಿ ಎರಡು ಕಲ್ಲು ಬಿದ್ದು ಆದ ತೂತು, ಅಷ್ಟೇ. ಆಚೆ ಮನೆಯವಳು ಶಂಕರಮ್ಮ, ಸುಗಲಾಬಾಯಿಯ ಜೀವದ ಗೆಳತಿ. ಮಧ್ಯಾಹ್ನ ಪಾತ್ರೆ ತಿಕ್ಕಿದ ಮೇಲೆ ಇವಳು ಈಚೆ, ಅವಳು ಆಚೆ ಕೂತು ಮಾತಾಡುವರು. ಮಾತಿನಲ್ಲಿ ಅರ್ಧ ಬೈಸ್ಕೋಪಿನದು, ಅರ್ಧ ಅತ್ತೆಯದು. ಮದುವೆಯಾಗಿ ಎಂಟು ವರ್ಷ ಸುಗಲಾಬಾಯಿ ಆ ಮನೆಯಲ್ಲಿ ತಲೆ ಕೆಡದೆ ಉಳಿದದ್ದು ಆ ತೂತಿನ ಪುಣ್ಯ. ಅದು ಮುಚ್ಚಿಹೋದರೆ ತನ್ನ ಉಸಿರೇ ಕಟ್ಟುತ್ತದೆ ಎಂದು ಅವಳು ಖರೇ ಅಂದರೆ ಖರೇ ನಂಬಿದ್ದಳು.

ಇಷ್ಟಿದ್ದೂ ಅವಳು ಬೈಸ್ಕೋಪಿಗೆ ಹೋದಳು. ಸೋಮವಾರ ಅತ್ತೆ ಝರಾಸಂಗಮಕ್ಕೆ ದೇವರ ದರ್ಶನಕ್ಕೆಂದು ಹೊರಟರು, ಮಕ್ಕಳಿಬ್ಬರೂ ನಾರಾಯಣಖೇಡದ ಸೋದರಮಾವನ ಮನೆಯಲ್ಲಿದ್ದರು, ಗಂಡ ರೇವಪ್ಪ ಬೆಲ್ಲದ ಅಂಗಡಿಯಲ್ಲಿದ್ದ. ಇಂಥ ಮುಹೂರ್ತ ವರ್ಷಕ್ಕೊಮ್ಮೆ ಕೂಡಿ ಬಂದರೆ ಹೆಚ್ಚು. ಗೆಳತಿಯರಿಬ್ಬರೂ ಸೆರಗು ಮೂಗಿನ ತನಕ ಎಳೆದುಕೊಂಡು ಸಂಜೆಯ ಆಟ ನೋಡಿ, ಅತ್ತು, ನಕ್ಕು, ಮುಂದೆ ಕೂತು ಗೊಳೋ ಎಂದು ಅಳುತ್ತಿದ್ದ ಯಾರೋ ಹೆಂಗಸಿನ ಬೆನ್ನಿಗೆ ಶೇಂಗಾ ಸಿಪ್ಪೆ ಒಗೆದು ಬಂದರು. ಅತ್ತೆ ಮನೆಗೆ ಬಂದದ್ದು ಇವಳು ಬಂದು ಒಲೆ ಹೊತ್ತಿಸಿದ ಮೇಲೆ. ಪ್ರಸಾದ ಎಲ್ಲಿ ಎಂದರೆ ಮಂಗ ಕಸಿಯಿತು ಎಂದರು.

ಮಂಗಳವಾರ ಕಿಂಡಿಯಲ್ಲಿ ಮಾತು ಶುರುವಾಯಿತು.

"ಆ ಹೀರೋ ಎಡಗೈಲೆ ಉಣ್ತಾನ, ನೋಡಿದಿ?" ಎಂದಳು ಶಂಕರಮ್ಮ.

"ಬೊಂಬಾಯಿ ಮಂದಿ. ಅವರ ರಿವಾಜೇ ಹಂಗಿರ್ತದ." ಸುಗಲಾಬಾಯಿ ನಿಟ್ಟುಸಿರು ಬಿಟ್ಟಳು. "ಶಂಕ್ರಿ, ನಾವು ದೊಡ್ಡೋರು ಆಗೋದು ಯಾವಾಗ?"

"ಏನ್ ಹುಚ್ಚಿದ್ದಿಯೇ? ನಿನಗ ಎರಡು ಮಕ್ಕಳಾಗ್ಯಾವ."

"ಅದೇ ಮತ್ತ! ಲಗ್ನ ಆದ್ರ ದೊಡ್ಡಾಕಿ ಆಗ್ತಿ ಅಂದ್ರು, ಆತು. ಕೂಸಾದ್ರ ಆಗ್ತಿ ಅಂದ್ರು, ಎರಡಾದವು. ಗಂಡಂದು ಬೆಲ್ಲದ ಅಂಗಡಿ, ನನಗ ಒಂದು ಚೂರು ಬೆಲ್ಲ ಬೇಕಂದ್ರ ಅತ್ತಿ ಸೊಂಟದ ಕೀಲಿ ಕೇಳಬೇಕು. ಈ ಜನ್ಮದಾಗ ಯಾರನ್ನೂ ಕೇಳದ ಒಂದು ಕೆಲಸ ಮಾಡೀನೇನು ನಾ?"

"ನಮ್ಮ ಅತ್ತಿಗಿ ಅರವತ್ತು ದಾಟ್ಯಾವ. ಆಕಿ ಇವತ್ತಿಗೂ ಅವರತ್ತಿಗಿ ಹೆದರ್ತಾಳ. ಅವರು ಸತ್ತು ಹತ್ತು ವರ್ಷ ಆತು! ದೊಡ್ಡೋರು ಅನ್ನೋರು ಯಾರೂ ಇಲ್ಲವ್ವಾ. ಎಲ್ಲಾರೂ ಯಾರಿಗೋ ಅಂಜಿಕೊಂತ ಇರ್ತಾರ, ಮ್ಯಾಲ ಮಾತ್ರ ದಿಮಾಕು."

"ಬೈಸ್ಕೋಪಿನಾಕಿ ಅಂಜತಾಳೇನು? ಗಲ್ಲದ ಮ್ಯಾಗಿನ ಮಚ್ಚಿ ಹಿಂಗ ಮುಟ್ಟಿಕೊಂಡು ನಿಂತಳಂದ್ರ ಅತ್ತಿನೂ ಗಪ್, ಗಂಡನೂ ಗಪ್. ನಮ್ಮನಿಯವರು ಐತವಾರ ನೋಡಿ ಬಂದಾಗಿಂದ ಒಂದೇ ಜಪ. 'ಮಚ್ಚಿ ಅಂದ್ರ ಮಚ್ಚಿ' ಅಂತ. ಎಂಟು ವರ್ಷದಾಗ ನನ್ನ ಮಾರಿ ಮ್ಯಾಗ ಮೂಗು ಅದನೋ ಇಲ್ಲೋ ಅಂತ ಒಮ್ಮಿ ನೋಡಿಲ್ಲ."

"ನಾಳಿ ಬಾಳಮ್ಮ ಬರ್ತಾಳ, ನನ್ನ ಮುಂಗೈಗಿ ಹಚ್ಚಿ ಹಾಕಾಕ. ನೀನೂ ಒಂದು ಚುಕ್ಕಿ ಇಡಸ್ಕೊ."

"ಅತ್ತೀನ್ನ ಕೇಳಬೇಕಲ್ಲ."

"ನೋಡು, ಇದಕ್ಕೇ ನೀ ದೊಡ್ಡಾಕಿ ಆಗಿಲ್ಲ."

ಆ ಮಾತು ಸುಗಲಾಬಾಯಿಗೆ ಚುರುಕ್ಕೆಂದು ನಾಟಿತು. ಮರುದಿನ ಅತ್ತೆ ಮಠಕ್ಕೆ ಹೋದ ಹೊತ್ತಿನಲ್ಲಿ ಅವಳು ಕಿಂಡಿಗೆ ಮುಖ ಕೊಟ್ಟಳು. ಶಂಕರಮ್ಮ ಗದ್ದ ಹಿಡಿದಳು. "ಬಲಗಲ್ಲ ಹೌದಲ್ಲ?" ಎಂದು ಬಾಳಮ್ಮ ಕೇಳಿದಾಗ "ಬಲಗಲ್ಲೇ!" ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಒಂದು ಸೇರು ಜೋಳಕ್ಕೆ ಕೆಲಸ ಮುಗಿಯಿತು.

ಕನ್ನಡಿ ನೋಡಿಕೊಂಡಾಗ ಧೈರ್ಯವೆಲ್ಲ ಜರ್ರನೆ ಇಳಿಯಿತು. ಗಲ್ಲ ಊದಿ ಪೂರಿಯಾಗಿತ್ತು, ನಡುವೆ ಚುಕ್ಕೆ ಕರ್ರಗೆ ಕೂತಿತ್ತು. ಈ ಮಚ್ಚೆ ಬೈಸ್ಕೋಪಿನಾಕೆಯದು ಎಂದು ಅರ್ಧ ಊರಿಗೆ ಗೊತ್ತು. ಎಲ್ಲಿ ನೋಡಿದಿ ಎಂದು ಅತ್ತೆ ಕೇಳಿದರೆ ಏನು ಹೇಳುವುದು? ಹಳೆಯ ಧೋತರದ ತುಂಡು ಹರಿದು ಗದ್ದದಿಂದ ನೆತ್ತಿಗೆ ಸುತ್ತಿ ಗಂಟು ಹಾಕಿದಳು.

ಹೊಸ್ತಿಲು ದಾಟುತ್ತಲೇ ಶಾಂತಾಬಾಯಿ ನಿಂತರು. "ಇದೇನ ಸೊಸಿ, ಹೆಣಕ್ಕ ಕಟ್ಟಿದಂಗ?"

"ಹಲ್ಲು ಬ್ಯಾನಿ ರೀ ಅತ್ತೀ."

ಒಂದು ಸುಳ್ಳು ಎಷ್ಟು ನೆಂಟರನ್ನು ಕರೆತರುತ್ತದೆ ಎಂದು ಅವಳಿಗೆ ಆಗ ತಿಳಿದಿರಲಿಲ್ಲ. ಶಾಂತಾಬಾಯಿ ಲವಂಗ ತಂದು ಬಾಯಿಗೆ ತುರುಕಿದರು. ಎದುರು ಮನೆಯ ಕಟ್ಟೆಯ ಮೇಲೆ ಕೂತಿದ್ದ ಹಣಮಯ್ಯನಿಗೆ ವಾಸನೆ ಬಡಿಯಿತು. ಯಾರ ಮನೆಯಲ್ಲಿ ಯಾರು ಸೀನಿದರೂ ಮದ್ದು ಹೇಳುವ ಮುದುಕ ಅವರು. ಕೋಲೂರಿಕೊಂಡು ಒಳಗೇ ಬಂದುಬಿಟ್ಟರು.

"ಹಲ್ಲಿನಾಗ ಹುಳ ಆಗ್ಯಾದ ತಂಗಿ. ನೆಲಗುಳ್ಳದ ಬೀಜದ ಹೊಗಿ ಕುಡದ್ರ ಪಟಪಟ ಉದರ್ತಾವ."

ಕೆಂಡ ಬಂತು, ಬೀಜ ಬಂತು. ಕಂಬಳಿ ಹೊದಿಸಿ ಸುಗಲಾಬಾಯಿಯನ್ನು ಹೊಗೆಯ ಮೇಲೆ ಬಗ್ಗಿಸಿದರು. ಕಣ್ಣು ಮೂಗಿನಿಂದ ನೀರು ಸುರಿಯಿತು, ಕೆಮ್ಮಿ ಕೆಮ್ಮಿ ಕರುಳು ಬಾಯಿಗೆ ಬಂತು.

"ಹುಳ ಬಿತ್ತೇನು?"

"ಬಿತ್ರಿ, ಬಿತ್ರಿ! ಆರಾಮಾತು!"

"ಎಲ್ಲಿ, ತೋರ್ಸು?"

ಇಲ್ಲದ ಹುಳವನ್ನು ತೋರಿಸುವುದು ಹೇಗೆ? "ಕೆಂಡದಾಗ ಬಿದ್ದು ಸುಟ್ಟು ಹೋತ್ರಿ" ಎಂದಳು. ಹಣಮಯ್ಯ ತಲೆಯಾಡಿಸಿದರು. "ಅದು ಮರಿ. ತಾಯಿ ಒಳಗೇ ಅದ. ಹಲ್ಲೇ ಕೀಳಬೇಕು. ಕಿಷ್ಟಪ್ಪಗ ಹೇಳಿ ಕಳಸ್ತೀನಿ."

ಹಜಾಮತಿ ಮಾಡುವ ಕಿಷ್ಟಪ್ಪ ಹಲ್ಲನ್ನೂ ಕೀಳುತ್ತಿದ್ದ. ಅವನ ಇಕ್ಕಳ ನೋಡಿದರೆ ಎತ್ತಿಗೆ ಲಾಳ ಕಟ್ಟುವವನೂ ಹಿಂದೆ ಸರಿಯಬೇಕು. ಊಟಕ್ಕೆ ಬಂದ ರೇವಪ್ಪ ಹೆಂಡತಿಯ ಕೈ ಹಿಡಿದ, ಶಾಂತಾಬಾಯಿ ತಲೆ ಹಿಡಿದರು.

"ಬಾಯಿ ತೆಗೀರಿ ಅಕ್ಕಾರೆ," ಎಂದ ಕಿಷ್ಟಪ್ಪ. ತೆರೆದಳು. ಅವನು ಆ ಮೂಲೆ ಈ ಮೂಲೆ ನೋಡಿ ಗಾಬರಿಯಾದ. "ಎಲ್ಲಾ ಮುತ್ತಿನಂಗ ಅವ. ಯಾವುದು ಕೀಳ್ಲಿ?"

ಸುಗಲಾಬಾಯಿ ಕಣ್ಣು ಮುಚ್ಚಿದಳು. ಬಟ್ಟೆ ಬಿಚ್ಚಿದರೆ ಮಚ್ಚೆ, ಮಚ್ಚೆ ಕಂಡರೆ ಬೈಸ್ಕೋಪು, ಬೈಸ್ಕೋಪೆಂದರೆ ಕಿಂಡಿಗೆ ಕಲ್ಲು. ಹಲ್ಲು ಮೂವತ್ತೆರಡಿವೆ, ಕಿಂಡಿ ಇರುವುದು ಒಂದೇ. ಹೋದರೆ ಹೋಗಲಿ ಎಂದು ಕೈ ಬಿಡಿಸಿಕೊಂಡು ಬೆರಳು ಹಾಕಿ ತೀರ ಹಿಂದಿನ ದವಡೆ ಹಲ್ಲು ತೋರಿಸಿದಳು.

"ಅದಾದ್ರ ಈ ಕಟ್ಟು ಬಿಚ್ಚಬೇಕ್ರಿ," ಎನ್ನುತ್ತ ಕಿಷ್ಟಪ್ಪ ನೆತ್ತಿಯ ಗಂಟು ಜಗ್ಗಿದ. ಅವಳು ಬೇಡ ಎನ್ನುವುದರೊಳಗೆ ಧೋತರದ ತುಂಡು ಜಾರಿ ಮಡಿಲಿಗೆ ಬಿತ್ತು.

ಎಲ್ಲರೂ ಬಗ್ಗಿ ನೋಡಿದರು.

"ಇದೇನ?" ಎಂದರು ಶಾಂತಾಬಾಯಿ.

"ಹಲ್ಲು ಬ್ಯಾನಿಗಂತ... ಬಾಳಮ್ಮ ಹಚ್ಚಿ ಹಾಕ್ಯಾಳ್ರಿ."

ಪುಣ್ಯಕ್ಕೆ ಹಣಮಯ್ಯನೇ ಕೈಹಿಡಿದರು. "ಹೌದು ಮತ್ತ. ನಮ್ಮವ್ವ ಮೊಣಕಾಲ ಬ್ಯಾನಿಗಿ ಹಾಕಿಸ್ಕೊಂಡಿದ್ದಳು. ಮೊದಲೇ ಹೇಳಬಾರದೇನವ್ವಾ?"

ಸುಗಲಾಬಾಯಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ರೇವಪ್ಪ ಹೆಂಡತಿಯ ಮುಖವನ್ನು ಬೆಳಕಿನ ಕಡೆ ತಿರುಗಿಸಿದ. ಎಂಟು ವರ್ಷ ಅವಳು ಬಯಸಿದ್ದ ನೋಟ ಅದು, ಬರಬಾರದ ಹೊತ್ತಿಗೆ ಬಂತು.

"ಅರೇ! ಇದು ಬೈಸ್ಕೋಪಿನಾಕಿ ಮಚ್ಚಿ ಅಲ್ಲ?"

ಶಾಂತಾಬಾಯಿಯ ಹುಬ್ಬು ಮೇಲಕ್ಕೇರಿತು. ರೇವಪ್ಪ ಕತ್ತು ವಾಲಿಸಿ ಮತ್ತೊಮ್ಮೆ ನೋಡಿದ.

"ಛೇ, ಅದಲ್ಲ ಬಿಡು. ಆಕೀದು ಎಡಗಲ್ಲದ ಮ್ಯಾಗ ಅದ. ಇದು ಬಲಗಲ್ಲ."

ಸುಳ್ಳು, ಬಲಗಲ್ಲೇ ಎಂದು ಸುಗಲಾಬಾಯಿಯ ನಾಲಿಗೆಯ ತುದಿಗೆ ಬಂತು. ಕಚ್ಚಿಕೊಂಡು ನುಂಗಿದಳು. ಇವರ ಕಣ್ಣು ಮಂಜಾದದ್ದೇ ತನ್ನ ಪುಣ್ಯ, ಕಿಂಡಿ ಉಳಿಯಿತು ಎಂದುಕೊಂಡಳು.

"ಎಡಗಲ್ಲಂತ ಎಡಗಲ್ಲ!" ಶಾಂತಾಬಾಯಿ ಗದರಿದರು. "ಕಣ್ಣಿಗಿ ಬೆಲ್ಲ ಮೆತ್ತಿಕೊಂಡು ಕುಂತಿದ್ದೇನು? ಬಲಗಲ್ಲದ ಮ್ಯಾಗೇ ಅದ! ಅತ್ತಿ ಕೈಯಾಗಿಂದ ಕೀಲಿ ಕಸ್ಕೊಳ್ಳಾಗ ಇಷ್ಟಗಲ ಕಾಣಸ್ತದ..."

ಮಾತು ಅಲ್ಲಿಗೇ ನಿಂತಿತು.

ಕಿಷ್ಟಪ್ಪ ಇಕ್ಕಳವನ್ನು ಚೀಲಕ್ಕೆ ಹಾಕಿ ಗಂಟಲು ಸರಿಮಾಡಿಕೊಂಡ. "ಸಾವ್ಕಾರ್ರ, ಅಮ್ಮೋರು ಹೇಳಿದ್ದೂ ಖರೇ, ನೀವು ಹೇಳಿದ್ದೂ ಖರೇ. ದಿನಾ ಸಂಜಿಗಿ ಆ ಪಡದಾಕ ನೀರು ಹೊಡ್ಯಾವ ನಾನೇ. ಮುಂದ ಕುಂತೋರಿಗಿ ಎಡಗಲ್ಲ ಕಾಣಸ್ತದ. ಹಿಂದ ಹೆಣ್ಮಕ್ಕಳ ಕಡಿ ಕುಂತೋರಿಗಿ ಎಲ್ಲಾ ಉಲ್ಟಾ, ಕನ್ನಡಿಯಾಗ ನೋಡಿದಂಗ. ಅಲ್ಲಿ ಹೀರೋ ಉಣ್ಣೋದೂ ಎಡಗೈಲೇ." ಅವನು ಸುಗಲಾಬಾಯಿಯ ಗಲ್ಲ ನೋಡಿದ, ಆಮೇಲೆ ಶಾಂತಾಬಾಯಿಯ ಮುಖ ನೋಡಿದ. "ಹಿಂದ ಕುಂತು ನೋಡಿದೋರಿಗೇ ಬಲಗಲ್ಲರೀ."

ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ, ಅತ್ತೆ ತಾವಾಗಿಯೇ ಹೆಗಲು ಮುಟ್ಟಿ ನೋಡಿಕೊಂಡಿದ್ದರು.

ರೇವಪ್ಪನಿಗೆ ಎಲ್ಲ ತಡವಾಗಿ ತಿಳಿಯುತ್ತದೆ, ಆದರೆ ತಿಳಿಯುತ್ತದೆ. "ಅವ್ವಾ, ನೀ ಸೋಮವಾರ ಝರಾಸಂಗಮಕ್ಕ ಹೋಗಿದ್ದೀ ಅಲ್ಲ?"

"ದೇವರು ಎಲ್ಲಾ ಕಡಿ ಅದಾನ!" ಶಾಂತಾಬಾಯಿ ಎದ್ದು ನಿಂತರು. "ನೀ ಅಂಗಡಿಗಿ ನಡಿ. ಹಣಮಯ್ಯ, ನಿಮ್ಮ ಕಟ್ಟಿ ಖಾಲಿ ಅದ ನೋಡ್ರಿ. ಏ ಕಿಷ್ಟಪ್ಪ, ಹೊರಗ ಹೋಗಿ ಬಾಯಿ ಬಿಟ್ಟೀ ಅಂದ್ರ ನಿನ್ನ ಇಕ್ಕಳಲೇ ನಿನ್ನ ಹಲ್ಲು ಕೀಳ್ತೀನಿ!"

ಮೂವರೂ ಹೋದ ಮೇಲೆ ಅತ್ತೆ ಸೊಸೆಯ ಕಡೆ ತಿರುಗಿದರು. "ಅವತ್ತು ನನ್ನ ಬೆನ್ನಿಗಿ ಶೇಂಗಾ ಸಿಪ್ಪಿ ಒಗದಾಕಿ ನೀ ಏನು, ಆ ಶಂಕರಮ್ಮ ಏನು?"

ಸುಗಲಾಬಾಯಿ ನೆಲ ನೋಡಿದಳು.

"ಹೂಂ" ಎಂದಷ್ಟೇ ಹೇಳಿ ಶಾಂತಾಬಾಯಿ ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಗೌಂಡಿ ಮೊಗಲಪ್ಪ ಸುತ್ತಿಗೆ ಹಿಡಿದು ಅವರ ಹಿಂದೆ ಹಿತ್ತಲಿಗೆ ನಡೆದದ್ದು ಕಾಣಿಸಿತು.

ಸುಗಲಾಬಾಯಿ ಕಂಬಕ್ಕೊರಗಿ ಕೂತು ಅತ್ತಳು. ಹಚ್ಚೆ ಉರಿಯುತ್ತಿತ್ತು, ಹೊಟ್ಟೆ ಅದಕ್ಕಿಂತ ಹೆಚ್ಚು ಉರಿಯುತ್ತಿತ್ತು. ಜನ್ಮಕ್ಕೊಂದು ಕೆಲಸ ಯಾರನ್ನೂ ಕೇಳದೆ ಮಾಡಿದಳು, ಅದೂ ತಪ್ಪು ಗಲ್ಲದ ಮೇಲೆ. ಹಿತ್ತಲಿಂದ ಸುತ್ತಿಗೆಯ ಒಂದೊಂದು ಏಟೂ ಅವಳ ಎದೆಗೇ ಬೀಳುತ್ತಿತ್ತು.

"ಸುಗಲಾ! ಏ ಸುಗಲಾ! ಬಾ ಇಲ್ಲಿ!"

ಕಾಲೆಳೆಯುತ್ತ ಹೋದಳು. ನೋಡಿದರೆ ಕಿಂಡಿ ಮುಚ್ಚಿರಲಿಲ್ಲ. ಮೊಗಲಪ್ಪ ಇನ್ನೂ ನಾಲ್ಕು ಕಲ್ಲು ಕಿತ್ತು ಅದನ್ನು ಕಿಟಕಿಯಷ್ಟು ಅಗಲ ಮಾಡಿದ್ದ. ಆಚೆ ಶಂಕರಮ್ಮ ಕೈಯಲ್ಲಿ ಮೊರ ಹಿಡಿದು ಬೆಪ್ಪಾಗಿ ನಿಂತಿದ್ದಳು. ಈಚೆ ಶಾಂತಾಬಾಯಿ ಮಣೆ ಹಾಕಿಕೊಂಡು ಗೋಡೆಗೊರಗಿ ಕೂತಿದ್ದರು. ಮಡಿಲಲ್ಲಿ ಒಂದು ಸೇರು ಶೇಂಗಾ.

"ಇಷ್ಟ ಸಣ್ಣ ಕಿಂಡಿಯಾಗ ಮೂರು ಮಂದಿ ಮಾತು ಹಿಡಿಸ್ತಾವೇನು? ಕುಂದ್ರು. ಬರೋ ಸೋಮವಾರ ಹೊಸಾ ಆಟ ಬರ್ತದಂತ, ಮೂವರೂ ಕೂಡೇ ಝರಾಸಂಗಮಕ್ಕ ಹೋಗಮು. ಇನ್ನ ಮ್ಯಾಲ ದಿನಾ ಮಧ್ಯಾಹ್ನ ನಾನೂ ಇಲ್ಲೇ ಕುಂದ್ರಾಕಿ." ಒಂದು ಶೇಂಗಾ ಪಟ್ಟೆಂದು ಒಡೆದು ಬಾಯಿಗೆ ಹಾಕಿಕೊಂಡರು. "ಹಾಂ, ಈಗ ಮಾತಾಡ್ರಿ. ದಿನಾ ಏನೇನು ಮಾತಾಡತಿದ್ರಿ, ಅದೇ ಮಾತಾಡ್ರಿ. ನನ್ನ ಮುಂದ ಏನ್ ಶರಮು?"

ಗೆಳತಿಯರು ಮುಖ ಮುಖ ನೋಡಿಕೊಂಡರು.

ಕಡೆಗೆ ಶಂಕರಮ್ಮ ಕೇಳಿದಳು. "ಬ್ಯಾಳಿ ಬೆಂದಾವೇನು, ಸುಗಲಾ?"

"ಬೆಂದಾವ," ಎಂದಳು ಸುಗಲಾಬಾಯಿ.