ಹದಿನಾಲ್ಕನೇ ನಂಬರಿನ ತೊಡೆ

ಬೇಕರಿಗೆ ಹೋದ ತೊಡೆ ಬೇರೆ, ಬೇಕರಿಯಿಂದ ಬಂದ ತೊಡೆ ಬೇರೆ. ಹನ್ನೊಂದು ವರ್ಷದಿಂದ ನಾನು ಇದನ್ನು ಹೇಳುತ್ತಲೇ ಇದ್ದೇನೆ. ನಮ್ಮ ಕಮಗ್ವೇ ಊರಿನಲ್ಲಿ ಈ ಮಾತಿಗೆ ನಗದವರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬ ಬೇಕರಿಯ ನಿಕಾನೊರ್. ಅವನು ನಗುವುದಿಲ್ಲ, ಕಣ್ಣು ತಪ್ಪಿಸುತ್ತಾನೆ. ಕಣ್ಣು ತಪ್ಪಿಸುವವನ ಜೇಬಿನಲ್ಲಿ ಟಿಕೆಟ್ ಇರುವುದಿಲ್ಲ. ಇದು ಮೂವತ್ತೊಂದು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದ ಈ ಎವಾರಿಸ್ತೋನ ಅನುಭವವಾಣಿ.

ಡಿಸೆಂಬರ್ ಮೂವತ್ತೊಂದರಂದು ಹಂದಿ ಬೇಯದೆ ನಮ್ಮ ದೇಶದಲ್ಲಿ ವರ್ಷ ಮುಗಿಯುವುದಿಲ್ಲ. ಹಿತ್ತಲು ಇರುವ ಭಾಗ್ಯವಂತರು ಹೊಂಡ ತೋಡಿ, ಕೆಂಡ ಹಾಕಿ, ಇಡೀ ಹಂದಿಯನ್ನೇ ಸುಡುತ್ತಾರೆ. ನಮ್ಮಂಥ ಎರಡನೇ ಮಹಡಿಯವರು (ನಮಗೆ ಹಿತ್ತಲೆಂದರೆ ಬಟ್ಟೆ ಒಣಗಿಸುವ ತಂತಿ) ಒಂದು ಹಿಂಗಾಲಿನ ತೊಡೆ ತಂದು, ಮಸಾಲೆ ಹಚ್ಚಿ, ತಟ್ಟೆಯ ಸಮೇತ ಬೇಕರಿಗೆ ಹೊತ್ತುಕೊಂಡು ಹೋಗುತ್ತೇವೆ. ಅವತ್ತು ಬ್ರೆಡ್ಡಿನ ಕೆಲಸ ಬೆಳಗ್ಗೆಯೇ ಮುಗಿದು, ದೊಡ್ಡ ಒಲೆ ಬೀದಿಯವರ ತೊಡೆಗಳಿಗೆ ಮೀಸಲು. ನಿಕಾನೊರ್ ತಟ್ಟೆಗೆ ನಂಬರಿನ ತಗಡೊಂದು ಕಟ್ಟಿ, ಅದೇ ನಂಬರಿನ ಇನ್ನೊಂದು ತಗಡನ್ನು ನಮ್ಮ ಕೈಗೆ ಕೊಡುತ್ತಾನೆ. ಸಂಜೆ ತಗಡು ತೋರಿಸಿ ತೊಡೆ ಬಿಡಿಸಿಕೊಳ್ಳಬೇಕು.

ಕೇಳುವುದಕ್ಕೆ ಎಷ್ಟು ಪ್ರಾಮಾಣಿಕವಾದ ವ್ಯವಸ್ಥೆ. ಆದರೆ ಆನೆಯಂತೆ ಹೋದದ್ದು ಆಡಿನಂತೆ ವಾಪಸು ಬರುವುದು ಹೇಗೆ?

"ಬೆಂದ್ರೆ ಕುಗ್ಗತ್ತೆ ಮುದುಕಾ. ಮದುವೆಯಾದ್ಮೇಲೆ ನೀನು ಕುಗ್ಗಿಲ್ವಾ?" ಎನ್ನುತ್ತಾಳೆ ನನ್ನ ಹೆಂಡತಿ ಸೊರಾಯ್ದಾ. (ನಮ್ಮಲ್ಲಿ ಮದುವೆಯ ಮಾರನೇ ದಿನದಿಂದಲೇ ಗಂಡ ಮುದುಕ. ನನಗೆ ಆಗ ಇಪ್ಪತ್ತಾರು.) ಬೇಕರಿಯಲ್ಲಿ ಹಿಟ್ಟು ನಾದುವವನು ಅವಳ ಚಿಕ್ಕಮ್ಮನ ಮಗ. ಹಾಗಾಗಿ ಈ ವಿಷಯದಲ್ಲಿ ನಾನು ಹೆಂಡತಿಯನ್ನೂ ಪೂರ್ತಿ ನಂಬುವ ಹಾಗಿರಲಿಲ್ಲ.

ಈ ಸಲ ಸುಮ್ಮನಿರುವಂತಿರಲಿಲ್ಲ. ಊಟಕ್ಕೆ ಬೀಗರು ಬರುವವರಿದ್ದರು. ಬೀಗರು ಎಂದರೆ, ಆಗಬಹುದಾದವರು. ನನ್ನ ಮಗಳು ಯಾನೆಲಿಸ್ ಮೆಚ್ಚಿದ ಹುಡುಗ ಲೆಯಾಂದ್ರೊ ಒಳ್ಳೆಯವನೇ (ಒಳ್ಳೆಯವನಂತೆ ಕಾಣುತ್ತಾನೆ, ಅಷ್ಟು ಮಾತ್ರ ಹೇಳಬಲ್ಲೆ). ಅವನಿಗೆ ತಂದೆಯಿಲ್ಲ. ತಾಯಿ ಕ್ಲೋತಿಲ್ದೆ ಹೊಲಿಗೆಯವರು, ಊರಿನ ಆ ತುದಿಯಲ್ಲಿ ಅರ್ಧ ಮಕ್ಕಳ ಶಾಲೆ ಬಟ್ಟೆ ಅವರ ಕೈಯದೇ. ಅವರು ಇನ್ನೂ ಮದುವೆಗೆ ಹೂಂ ಅಂದಿರಲಿಲ್ಲ. ಹಿಂದೊಮ್ಮೆ ಮಗನಿಗೆ ನೋಡಿದ ಹುಡುಗಿಯ ಮನೆಯಲ್ಲಿ ಕಪ್ಪು ಕಾಳಿನ ಅನ್ನ ಮುದ್ದೆಯಾಗಿತ್ತೆಂದು ಊಟ ಮುಗಿಸಿ ಎದ್ದುಬಂದವರು ಮತ್ತೆ ಆ ಬೀದಿಗೇ ಕಾಲಿಡಲಿಲ್ಲವಂತೆ.

"ಅಪ್ಪಾ, ಒಂದೇ ಒಂದು ದಿನ," ಎಂದಳು ಯಾನೆಲಿಸ್. "ಯಾರ ಮೇಲೂ ಅನುಮಾನ ಪಡಬೇಡ. ನಿನಗೆ ಅನುಮಾನ ಬಂದ್ರೂ ಬಾಯ್ಬಿಡಬೇಡ. ಈ ಮದುವೆ ಕೆಟ್ರೆ ನಾನು ಇನ್ನೊಬ್ಬನ್ನ ಹುಡುಕಲ್ಲ."

ಅವಳ ಕಣ್ಣು ತುಂಬಿತ್ತು. ಮಗಳ ಬಾಳು ನಿಕಾನೊರನ ಒಲೆಯ ಬಾಯಲ್ಲಿ ಇದೆಯೆಂದು ನನಗೆ ಅವತ್ತು ಮನವರಿಕೆಯಾಯಿತು.

ಮೂವತ್ತನೇ ತಾರೀಖು ತೊಡೆ ತಂದೆ. ಸೊರಾಯ್ದಾ ಎರಡು ಗಡ್ಡೆ ಬೆಳ್ಳುಳ್ಳಿ, ಉಪ್ಪು, ಹುರಿದ ಜೀರಿಗೆ, ದೊಡ್ಡಪತ್ರೆ ಸೊಪ್ಪು ಎಲ್ಲವನ್ನೂ ಒರಳಿಗೆ ಹಾಕಿ ಕುಟ್ಟಿದಳು. ಹುಳಿ ಕಿತ್ತಳೆ ಹಿಂಡಲು ನನ್ನನ್ನು ಕೂರಿಸಿದಳು.

"ಎಷ್ಟು ಕಿತ್ತಳೆ ತಂದೆ?" ಎಂದಳು.

"ಹದಿನೆಂಟು."

"ಇಲ್ಲಿ ಹದಿನೇಳಿದೆ."

"ಎಣಿಸಿದ್ಯಾ? ಕಟ್ಟಿಕೊಂಡ ಗಂಡನ ಮೇಲೇ ಅನುಮಾನಾನಾ?"

"ಇಪ್ಪತ್ತೆಂಟು ವರ್ಷ ನಿನ್ನ ಪಕ್ಕ ಮಲಗಿದೀನಿ. ಸ್ವಲ್ಪನಾದ್ರೂ ಅಂಟಿಕೊಳ್ಳಲ್ವಾ? ಬೀಜ ಬೀಳಿಸಬೇಡ, ಕಹಿಯಾಗತ್ತೆ."

ಆಮೇಲೆ ಅವಳು ಚೂರಿಯಿಂದ ತೊಡೆಯ ಮೈತುಂಬ ಇರಿದು, ಒಂದೊಂದು ಸೀಳಿಗೂ ಕುಟ್ಟಿದ ಮಸಾಲೆ ತುರುಕಿ, ಮೇಲಿಂದ ಕಿತ್ತಳೆ ರಸ ಹೊಯ್ದು ನೆನೆಯಲು ಬಿಟ್ಟಳು. ಆ ಸೀಳುಗಳನ್ನು ನೋಡುತ್ತಿದ್ದಾಗಲೇ ನನ್ನ ತಲೆಯಲ್ಲಿ ಮಹೋನ್ನತವಾದ ಆಲೋಚನೆಯೊಂದು ಮೊಳೆಯಿತು. ಎಲ್ಲರೂ ತಟ್ಟೆಗೆ ಗುರುತು ಕಟ್ಟುತ್ತಾರೆ. ತೊಡೆಯ ಒಳಗೇ ಗುರುತು ಇಟ್ಟರೆ?

ಅವಳು ದೊಡ್ಡ ಪಾತ್ರೆ ಕೇಳಲು ಕೆಳಮನೆಗೆ ಇಳಿದ ಸಮಯ ನೋಡಿ, ನನ್ನ ರೈಲ್ವೆ ಕೋಟಿನ ಹಿತ್ತಾಳೆ ಗುಂಡಿಯೊಂದನ್ನು ಕತ್ತರಿಸಿದೆ. ಐದರಲ್ಲಿ ಕೊನೆಯದು, ಹೊಟ್ಟೆಯ ಕೆಳಗಿನದು. (ಹತ್ತು ವರ್ಷದಿಂದ ಆ ಗುಂಡಿ ನನ್ನ ಕಣ್ಣಿಗೆ ಬಿದ್ದಿಲ್ಲ, ಹೊಟ್ಟೆ ಅಡ್ಡ. ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.) ಸೋಪು ಹಾಕಿ ತೊಳೆದು, ಮೂಳೆಯ ಪಕ್ಕದ ಆಳವಾದ ಸೀಳಿಗೆ ತಳ್ಳಿ, ಬೆಳ್ಳುಳ್ಳಿಯಿಂದ ಮುಚ್ಚಿದೆ. ಯಾರಿಗೂ ಹೇಳಲಿಲ್ಲ. ಬೀಗರು ತಿನ್ನುವ ಮಾಂಸದಲ್ಲಿ ಕೋಟಿನ ಗುಂಡಿ ಇಟ್ಟಿದ್ದೇನೆಂದು ಗೊತ್ತಾದರೆ ಸೊರಾಯ್ದಾ ನನ್ನನ್ನೇ ಆ ತಟ್ಟೆಯಲ್ಲಿ ಮಲಗಿಸುತ್ತಿದ್ದಳು. ಸಂಜೆ ನಾನೇ ಕೊಯ್ದು ಬಡಿಸುವ ನೆಪದಲ್ಲಿ ಮೆಲ್ಲಗೆ ತೆಗೆದರಾಯಿತು ಎಂದುಕೊಂಡೆ.

ಬೆಳಗ್ಗೆ ಏಳುವಷ್ಟರಲ್ಲಿ ಅವಳು ತೊಡೆಯನ್ನು ಮಗುಚಿ, ಮಸಾಲೆ ಮತ್ತೊಮ್ಮೆ ತುಂಬಿ, ಬಟ್ಟೆ ಮುಚ್ಚಿ ಇಟ್ಟಿದ್ದಳು. ನನ್ನ ಕೋಟನ್ನೂ ಹಲ್ಲುಜ್ಜಿದ ಹಾಗೆ ಉಜ್ಜಿ ಕುರ್ಚಿಗೆ ಹಾಕಿದ್ದಳು.

"ಹಾಕ್ಕೊಂಡು ಹೋಗು. ಎಲ್ಲಾ ಸರಿ ಮಾಡಿಟ್ಟಿದೀನಿ," ಎಂದಳು.

ಹೆಂಡತಿ ಇಷ್ಟು ಪ್ರೀತಿ ತೋರಿಸಿದರೆ ಅದರ ಹಿಂದೆ ಏನೋ ಇರುತ್ತದೆ. ಚಿಕ್ಕಮ್ಮನ ಮಗನಿಗೆ ಸುದ್ದಿ ಹೋಗಿದೆಯೇ ಎಂದು ಯೋಚಿಸುತ್ತಾ, ಗುಂಡಿ ಹಾಕಿಕೊಳ್ಳದೆ ಕೋಟು ಏರಿಸಿಕೊಂಡು ಹೊರಟೆ.

ನನಗೆ ಸಿಕ್ಕ ತಗಡು ಹದಿನಾಲ್ಕು. ಬೇಕರಿಯ ಎದುರಿನ ಕ್ಷೌರದಂಗಡಿಯ ಮೆಟ್ಟಿಲ ಮೇಲೆ ಒಂಬತ್ತು ಗಂಟೆಗೆ ಕೂತವನು ಮಧ್ಯಾಹ್ನ ಮೂರರವರೆಗೆ ಏಳಲಿಲ್ಲ. ಯಾರು ಒಳಗೆ ಹೋದರು, ಯಾರು ಎಷ್ಟು ದಪ್ಪವಾಗಿ ಹೊರಗೆ ಬಂದರು, ಎಲ್ಲ ನೋಡಿಕೊಂಡೆ. ಬೀದಿಗೆ ಬೀದಿಯೇ ಬೆಳ್ಳುಳ್ಳಿ, ಕಿತ್ತಳೆ, ಕರಗುವ ಕೊಬ್ಬಿನ ವಾಸನೆಯಲ್ಲಿ ತೇಲುತ್ತಿತ್ತು. ನಾಯಿಗಳು ಬಾಗಿಲ ಮುಂದೆ ನಮಗಿಂತ ಶಿಸ್ತಾಗಿ ಸಾಲುಗಟ್ಟಿದ್ದವು.

ತಟ್ಟೆಗಳು ಹೊರಬಂದವು. ಹದಿನಾಲ್ಕನ್ನು ನೋಡಿದೆ. ಅನುಮಾನವೇ ಬೇಡ, ಆಡು.

"ನಿಕಾನೊರ್, ಇದು ನನ್ನದಲ್ಲ."

"ನಂಬರ್ ನೋಡಿ ಇನ್‌ಸ್ಪೆಕ್ಟ್ರೇ. ಹದಿನಾಲ್ಕು."

"ನಂಬರ್ ತಟ್ಟೆಗಿದೆ, ತೊಡೆಗಿಲ್ಲ. ಆ ಸಲಾಕೆ ಕೊಡು."

ಅವನ ಕೈಯಿಂದ ಕಬ್ಬಿಣದ ಸಲಾಕೆ ಕಸಿದು ಮೂಳೆಯ ಪಕ್ಕ ಚುಚ್ಚಿದೆ. ಆ ಕಡೆ ಚುಚ್ಚಿದೆ, ಈ ಕಡೆ ಚುಚ್ಚಿದೆ. ಬರೀ ಮಾಂಸ. ನನ್ನ ಗುಂಡಿ ಇಲ್ಲ. ಹನ್ನೊಂದು ವರ್ಷದ ಅನುಮಾನ ಅವತ್ತು ಸಾಬೀತಾಯಿತು. ನನಗೆ ಒಂದು ಕಡೆ ಮೈ ಉರಿಯಿತು, ಇನ್ನೊಂದು ಕಡೆ, ಸುಳ್ಳು ಯಾಕೆ ಹೇಳಲಿ, ಪರಮಾನಂದವಾಯಿತು. ಪಕ್ಕದ ತಟ್ಟೆಗಳಿಗೂ ಸಲಾಕೆ ಹಾಕುತ್ತಾ ಹೋದೆ. ಸಾಲಿನಲ್ಲಿದ್ದವರು ಬೈದರು. ಹನ್ನೆರಡನೇ ತಟ್ಟೆಯಲ್ಲಿ, ಒಳ್ಳೆ ಆನೆಯಂಥ ತೊಡೆಯಲ್ಲಿ, ಮೂಳೆಯ ಪಕ್ಕವೇ 'ಟಿಣ್' ಎಂದಿತು.

"ಇದು ನನ್ನದು."

"ಅದು ಬೇರೆಯೋರದು. ಆ ಯಮ್ಮ ಐದು ಗಂಟೆಗೆ ಬರ್ತಾರೆ. ಅವರಿಗೆ ನಾನೇನು ಹೇಳ್ಲಿ?"

"ಕಳ್ಳ ಸಿಕ್ಕಿಬಿದ್ದ ಅಂತ ಹೇಳು."

ಹಿಟ್ಟು ನಾದುವ ಸಂಬಂಧಿ ಅಡ್ಡ ಬಂದ. ಅವನನ್ನು ಮೊಣಕೈಯಿಂದ ತಳ್ಳಿ, ತಟ್ಟೆಯನ್ನು ತಲೆಯ ಮೇಲಿಟ್ಟುಕೊಂಡು ದಂಡಯಾತ್ರೆ ಗೆದ್ದ ರಾಜನಂತೆ ಮನೆಗೆ ಬಂದೆ.

ಸೊರಾಯ್ದಾ ಬಟ್ಟೆ ಸರಿಸಿ ಮೂಗು ಹತ್ತಿರ ತಂದಳು. "ಸೀಬೆ ಹಣ್ಣಿನ ವಾಸನೆ ಯಾಕೆ ಬರ್ತಿದೆ?"

"ಒಲೆಯಲ್ಲಿ ಪಕ್ಕದೋರದ್ದು ಹಾರಿರತ್ತೆ."

"ಚರ್ಮ ಕೆಂಪಗಿದೆ. ದಪ್ಪಾನೂ ಆಗಿದೆ."

"ಈ ಸಲ ಕುಗ್ಗಿಲ್ಲ. ಯಾಕೆ ಗೊತ್ತಾ? ಈ ಸಲ ನಾನು ಕಾವಲಿದ್ದೆ."

ಅವಳು ನನ್ನ ಮುಖವನ್ನೇ ದಿಟ್ಟಿಸಿ ನೋಡಿದಳು. ಮರಗೆಣಸು ಬೆಂದು ಒಡೆಯುತ್ತಿತ್ತು, ಹಾಗಾಗಿ ವಿಚಾರಣೆ ಅಲ್ಲಿಗೇ ನಿಂತಿತು.

ಆರೂವರೆಗೆ ಬೀಗರು ಬಂದರು. ಕ್ಲೋತಿಲ್ದೆ ಸಣ್ಣ ಆಳು, ಚೂಪು ಕಣ್ಣು. ಲೆಯಾಂದ್ರೊ ಹಿಂದಿನಿಂದ ಬಟ್ಟೆ ಮುಚ್ಚಿದ ತಟ್ಟೆಯೊಂದನ್ನು ಹೊತ್ತುಕೊಂಡು ಬಂದ. ಆಕೆ ಕುರ್ಚಿಯಲ್ಲಿ ಕೂರುವ ಮೊದಲೇ ಶುರುಮಾಡಿದರು.

"ತಪ್ಪು ತಿಳ್ಕೋಬೇಡಿ ಸೊರಾಯ್ದಾ. ಬರಿಗೈಲಿ ಬರಬಾರದು ಅಂತ ನಾನೂ ಒಂದು ತೊಡೆ ಮಾಡಿದ್ದೆ. ನಮ್ಮ ಕಡೆ ಬೇಕರಿ ಒಲೆ ಕೆಟ್ಟಿದೆ, ಅದಕ್ಕೆ ನಿಮ್ಮ ಮೂಲೆ ಬೇಕರಿಗೆ ಕೊಟ್ಟಿದ್ದೆ. ಐದಕ್ಕೆ ಹೋದ್ರೆ ನನ್ನ ತೊಡೆ ಇಲ್ಲ. ಯಾವನೋ ತಲೆಕೆಟ್ಟೋನು ಬಂದು ಜಗಳ ಮಾಡಿ ಹೊತ್ಕೊಂಡು ಹೋದನಂತೆ. ಅವನು ಬಿಟ್ಟುಹೋಗಿದ್ದೇ ಇದು. ಎಷ್ಟು ಕಡೆ ಚುಚ್ಚಿದಾನೆ ನೋಡಿ, ಜರಡಿ ಆಗಿದೆ."

ಸೊರಾಯ್ದಾ ಆ ತಟ್ಟೆಯ ಬಟ್ಟೆ ಸರಿಸಿದಳು. ಅವಳದೇ ಜೀರಿಗೆ, ಅವಳದೇ ದೊಡ್ಡಪತ್ರೆ ಘಮ್ಮೆಂದವು. ಅವಳು ನನ್ನ ಕಡೆ ತಿರುಗಿ ನೋಡಿದ ನೋಟವನ್ನು ನಾನು ವರ್ಣಿಸುವುದಿಲ್ಲ, ಮದುವೆಯಾದವರಿಗೆ ಅದು ಗೊತ್ತು.

"ಆಳು ಯಾರಂತೆ?" ಎಂದು ಯಾನೆಲಿಸ್ ಸಣ್ಣ ದನಿಯಲ್ಲಿ ಕೇಳಿದಳು.

"ಬೇಕರಿಯೋನು ಹೆಸರು ಹೇಳಲ್ಲ ಅಂದ, ಜಗಳ ಬೇಡ ಅಂತ. ಯಾವನೋ ಮುದುಕ, ಹಳೇ ರೈಲ್ವೆ ಕೋಟು, ಐದು ಹಿತ್ತಾಳೆ ಗುಂಡಿ ಅಂದ," ಎನ್ನುತ್ತಾ ಕ್ಲೋತಿಲ್ದೆ ನನ್ನ ಕಡೆ ನೋಡಿದರು. ಎಲ್ಲರೂ ನನ್ನ ಕೋಟನ್ನು ನೋಡಿದರು.

ಆ ಗಳಿಗೆಯಲ್ಲಿ ತಪಾಸಣೆಯವನ ಬುದ್ಧಿ ನನ್ನನ್ನು ಕಾಪಾಡಿತು ಎಂದುಕೊಂಡೆ. "ಹಾಗಿದ್ರೆ ಅವನು ನಾನಲ್ಲ," ಎಂದೆ ಗಂಭೀರವಾಗಿ. "ನನ್ನ ಕೋಟಿಗೆ ನಾಲ್ಕೇ ಗುಂಡಿ."

ಕ್ಲೋತಿಲ್ದೆ ಎದ್ದು ಬಂದು ಬೆರಳಿಟ್ಟು ಎಣಿಸಿದರು. ಐದನೆಯದಕ್ಕೆ ಅವರು ಸ್ವಲ್ಪ ಬಗ್ಗಬೇಕಾಯಿತು.

"ಐದು," ಎಂದರು.

"ಸಾಧ್ಯವೇ ಇಲ್ಲ. ಐದನೇದನ್ನ ನಾನೇ ಕೈಯಾರೆ ತೊಡೆ ಒಳಗೆ..." ಎಂದವನು ಬಾಯಿ ಮುಚ್ಚಿಕೊಂಡೆ.

"ಅದು ನೀನೇ ಇಟ್ಟಿದ್ದಾ?" ಎಂದಳು ಸೊರಾಯ್ದಾ. "ಬೆಳಗ್ಗೆ ಮಸಾಲೆ ತುಂಬುವಾಗ ಕೈಗೆ ಸಿಕ್ತು. ಹಿಂಡುವಾಗ ಬಿತ್ತೇನೋ ಪಾಪ, ಬೀಗರ ಮುಂದೆ ಗುಂಡಿ ಇಲ್ಲದ ಕೋಟು ಚೆನ್ನಾಗಿರಲ್ಲ ಅಂತ ನಾನೇ ಹೊಲಿದೆ. ಹೇಳಿದ್ನಲ್ಲ, ಎಲ್ಲಾ ಸರಿ ಮಾಡಿಟ್ಟಿದೀನಿ ಅಂತ."

ಇಡೀ ದಿನ ನಾನು ಹುಡುಕಿದ ಸಾಕ್ಷಿ ಇಡೀ ದಿನ ನನ್ನ ಹೊಟ್ಟೆಯ ಕೆಳಗೇ ಇತ್ತು. ಹಾಗಾದರೆ 'ಟಿಣ್' ಎಂದದ್ದು ಏನು? ಕ್ಲೋತಿಲ್ದೆ ಯಾರನ್ನೂ ಕೇಳದೆ ಚೂರಿ ತೆಗೆದುಕೊಂಡು, ಸೀಬೆ ಪಾಕ ಹಚ್ಚಿದ ಆ ದೊಡ್ಡ ತೊಡೆಯನ್ನು ಮೂಳೆಯ ಪಕ್ಕ ಸೀಳಿ, ಒಳಗಿನಿಂದ ಏನನ್ನೋ ಹೊರತೆಗೆದು ಮೇಜಿನ ಮೇಲಿಟ್ಟರು. ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವ ಲೋಹದ ಟೊಪ್ಪಿ.

"ನನಗೂ ಬೇಕರಿಯೋರ ಮೇಲೆ ನಂಬಿಕೆ ಇಲ್ಲ ಎವಾರಿಸ್ತೋ ಅವ್ರೇ. ನಾನೂ ಗುರುತು ಇಟ್ಟಿದ್ದೆ. ಆದ್ರೆ ತಗೊಳ್ಳೋವಾಗ ತಗಡು ತೋರಿಸ್ತೀನಿ." ಚೀಲದಿಂದ ಹನ್ನೆರಡನೇ ನಂಬರ್ ತೆಗೆದು ತೋರಿಸಿದರು. "ನಿಮ್ಮದು?"

ನಾನು ಜೇಬಿನಿಂದ ಹದಿನಾಲ್ಕನ್ನು ತೆಗೆದಿಟ್ಟೆ. ಮೂವತ್ತೊಂದು ವರ್ಷ ಎಷ್ಟೋ ಜನ ನನ್ನ ಮುಂದೆ ಹೀಗೆ ತಲೆ ತಗ್ಗಿಸಿದ್ದರು. ಅವತ್ತು ತಗ್ಗಿಸುವ ಸರದಿ ನನ್ನದು. ಯಾನೆಲಿಸ್ ಕೈಗೆ ಸಿಕ್ಕ ಮೇಜಿನ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡಳು. ಅದನ್ನು ನೋಡಿ ನನಗೆ ನಿಜವಾಗಿ ನಾಚಿಕೆಯಾಯಿತು.

"ತಪ್ಪು ನನ್ನದು," ಎಂದೆ. "ಮಗು ಎಷ್ಟೋ ಹೇಳಿತ್ತು, ನಾನು ಕೇಳಲಿಲ್ಲ. ನನ್ನ ಬುದ್ಧಿ ನೋಡಿ ಅವಳನ್ನ ಬೇಡ ಅನ್ನಬೇಡಿ."

ಕ್ಲೋತಿಲ್ದೆ ಮತ್ತೆ ಚೂರಿ ಎತ್ತಿಕೊಂಡರು. ಜರಡಿಯಾದ ಚಿಕ್ಕ ತೊಡೆಯಿಂದ ಒಂದು ತುಂಡು ಕೊಯ್ದು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ಇನ್ನೊಂದು ತುಂಡು ಕೊಯ್ದರು.

"ಜೀರಿಗೆ ಹುರಿದು ಹಾಕಿದೀರಾ?"

"ಸ್ವಲ್ಪ ಬಿಸಿ ಮಾಡಿ, ಅಷ್ಟೇ," ಎಂದಳು ಸೊರಾಯ್ದಾ.

"ಈ ಕೈರುಚಿ ಹುಡುಗಿಗೆ ಬಂದಿದ್ಯಾ?"

"ಬಂದಿದೆ," ಎಂದಳು ಯಾನೆಲಿಸ್.

"ಅಪ್ಪನ ಬುದ್ಧಿ?"

"ಬಂದಿಲ್ಲ."

"ಹಾಗಿದ್ರೆ ಅನ್ನ ಬಡಿಸಮ್ಮಾ, ಮುದ್ದೆ ಆಗೋಕೆ ಮುಂಚೆ," ಎಂದರು ಕ್ಲೋತಿಲ್ದೆ. ಲೆಯಾಂದ್ರೊ ಆಗಲೇ ಕುರ್ಚಿ ಎಳೆದು ಕೂತ. ಆಮೇಲೆ ಆಕೆ ಚೀಲದಿಂದ ಕತ್ತರಿ ತೆಗೆದು, ನನ್ನ ಕೋಟಿನ ಐದನೇ ಗುಂಡಿಯನ್ನು ಕಚಕ್ಕೆಂದು ಕತ್ತರಿಸಿ ಚೀಲಕ್ಕೆ ಹಾಕಿಕೊಂಡರು. "ಇದು ನನ್ನ ಹತ್ರ ಇರ್ಲಿ."

ಏಪ್ರಿಲ್‌ನಲ್ಲಿ ಮದುವೆ ಚೆನ್ನಾಗಿಯೇ ಆಯಿತು. ಅಡುಗೆಯ ಹತ್ತಿರ ನನ್ನನ್ನು ಬಿಡಲಿಲ್ಲ. ನಿಕಾನೊರ್ ಈಗ ನನ್ನನ್ನು ಕಂಡರೆ ಕಣ್ಣು ತಪ್ಪಿಸುವುದಿಲ್ಲ, ನಗುತ್ತಾನೆ. ತಿಂಗಳಿಗೊಂದು ಭಾನುವಾರ ಬೀಗಿತ್ತಿಯ ಮನೆಯಲ್ಲಿ ನಮಗೆ ಊಟ. ಸೀಬೆ ಪಾಕ ಹಚ್ಚಿದ ತೊಡೆಯನ್ನು ಅವರೇ ಕೊಯ್ದು ಬಡಿಸುತ್ತಾರೆ, ಮೂಳೆಯ ಪಕ್ಕದ ತುಂಡನ್ನು ಆರಿಸಿ ನನಗೇ ಹಾಕುತ್ತಾರೆ, ಗುಂಡಿಯ ಸುದ್ದಿ ಮಾತ್ರ ಇವತ್ತಿನವರೆಗೂ ಎತ್ತಿಲ್ಲ. ಮನೆಯವರೆಲ್ಲ ಎರಡನೇ ಸಲ ಹಾಕಿಸಿಕೊಳ್ಳುವ ಹೊತ್ತಿಗೆ ನಾನು ಇನ್ನೂ ಮೊದಲನೇ ತುತ್ತಿನಲ್ಲೇ ಇರುತ್ತೇನೆ, ಹಲ್ಲನ್ನು ಮೆಲ್ಲಗೆ, ಬಹಳ ಮೆಲ್ಲಗೆ ಊರುತ್ತಾ.