ಪಿಕಪ್ಪಿನ ಮುಳ್ಳೂ ಗಡಿಯಾರದವರೂ

"ಮುಳ್ಳು ಅಂತ ಇರೋ ಯಾವ ವಸ್ತುವೂ ಇವತ್ತಿನವರೆಗೆ ನನ್ನ ಮಾತು ಮೀರಿಲ್ಲ ಕಣೇ! ಈ ಆಯಿಲ್ ಮೀಟರ್ ಯಾವ ಲೆಕ್ಕ?"

ಹೀಗೆ ಘೋಷಿಸಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಗಡಿಯಾರ ರಿಪೇರಿಯವರು ಹಳೆಯ ಪಿಕಪ್ಪಿನ ಮುಂದೆ ನಿಂತರು. ದಂಡಯಾತ್ರೆಗೆ ಹೊರಟ ಸೇನಾಪತಿಯೇ ಸರಿ! ಕೈಯಲ್ಲಿ ಕತ್ತಿಯ ಬದಲು ಚಿಮಟವಿತ್ತು, ಅಷ್ಟೇ.

ಪಿಕಪ್ಪು ಅವರದಲ್ಲ, ಹೆಂಡತಿಯದು. ಮನೆಯ ಹಿಂದಿನ ಅಂಗಳದಲ್ಲಿ ಆಕೆಯ ಲಾಂಡ್ರಿ. ಒಗೆಯುವುದು, ಒಣಗಿಸುವುದು, ಇಸ್ತ್ರಿ ಹಾಕುವುದು, ಗಾಡಿ ಓಡಿಸಿ ತಲುಪಿಸುವುದು ಎಲ್ಲವೂ ಆಕೆಯೇ. ದೊಡ್ಡ ಲಾಡ್ಜೊಂದು ತನ್ನ ಚಾದರಗಳನ್ನೆಲ್ಲ ಮೊದಲ ಬಾರಿಗೆ ಒಗೆಯಲು ಕೊಟ್ಟಿತ್ತು. ನಾಳೆ ಬೆಳಿಗ್ಗೆ ಬೆಳ್ಳಗೆ ಮಾಡಿ ಮುಟ್ಟಿಸಿದರೆ ಕೆಲಸ ಕಾಯಂ. ಇಲ್ಲವಾದರೆ ಮ್ಯಾನೇಜರು ಬೇರೆ ಲಾಂಡ್ರಿ ಹುಡುಕಿಕೊಳ್ಳುತ್ತಾರೆ. ಅದೇ ಹೊತ್ತಿಗೆ ಸರಿಯಾಗಿ ಗಾಡಿಯ ಆಯಿಲ್ ಪ್ರೆಶರ್ ಮುಳ್ಳು ಸೊನ್ನೆಯ ಪಕ್ಕದಲ್ಲಿ ಅಂಗಾತ ಮಲಗಿಬಿಟ್ಟಿತ್ತು.

"ಕಡ್ಡಿ ಎಳೆದು ನೋಡಿದೆ ರೀ, ಆಯಿಲ್ ಮಟ್ಟ ಸರಿಯಾಗೇ ಇದೆ. ಆದ್ರೂ ಪ್ರೆಶರ್ ಇಲ್ದೆ ಓಡಿಸಿದ್ರೆ ಇಂಜಿನ್ ಹಿಡ್ಕೊಂಡ್ಬಿಡತ್ತೆ. ಮೆಕ್ಯಾನಿಕ್‌ಗೆ ಫೋನ್ ಮಾಡ್ತೀನಿ."

"ಗಂಡ ಬದುಕಿರೋವಾಗ ಮೆಕ್ಯಾನಿಕ್ಕಾ?"

ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಬಟ್ಟೆ ಕ್ಲಿಪ್ಪು ವಿಂಗಡಿಸುತ್ತಿದ್ದ ಅವರ ಅತ್ತೆ, ಅಂದರೆ ಹೆಂಡತಿಯ ತಾಯಿ, ತಲೆಯೆತ್ತಿದರು. "ಮಾಡ್ಲಿ ಬಿಡೇ. ಗಡಿಯಾರಕ್ಕಿಂತ ದೊಡ್ಡದು ಏನನ್ನಾದ್ರೂ ಒಂದ್ಸಲ ಬಿಚ್ಚೋ ಆಸೆ ಇರತ್ತೆ ಪಾಪ."

ಗಡಿಯಾರದವರು ಇಂಜಿನ್ನಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಡ್ಯಾಶ್‌ಬೋರ್ಡ್ ಬಿಚ್ಚಿ ಮೀಟರನ್ನು ಹೊರಗೆಳೆದರು. ಊದಿದರು, ಒರೆಸಿದರು, ಮತ್ತೆ ಕೂರಿಸಿದರು. ಹೆಂಡತಿ ಬಂದು ನೋಡಿದರೆ ಮುಳ್ಳು ನಟ್ಟನಡುವೆ ಕವಾಯತಿಗೆ ನಿಂತ ಸಿಪಾಯಿಯಂತೆ ನಿಂತಿದೆ!

"ಅಬ್ಬ! ಸ್ಟಾರ್ಟ್ ಮಾಡಿ ನೋಡಿದ್ರಾ?"

"ಇನ್ನೂ ಇಲ್ಲ."

"ಮತ್ತೆ ನಿಂತಿರೋ ಇಂಜಿನ್‌ಗೆ ಪ್ರೆಶರ್ ಎಲ್ಲಿಂದ ಬಂತು?"

"ನಾನೇ ಇಟ್ಟೆ. ಗಡಿಯಾರ ಹಿಂದೆ ಬಿದ್ರೆ ಮುಳ್ಳು ಮುಂದಕ್ಕೆ ತಿರುಗಿಸಲ್ವಾ? ಹಾಗೇ!"

ಹೆಂಡತಿ ಹಣೆ ಚಚ್ಚಿಕೊಂಡಳು.

ಅತ್ತೆ ಕ್ಲಿಪ್ಪು ಕೆಳಗಿಟ್ಟರು. "ನನ್ನ ಬಿಪಿ ಮಿಷನ್ನೂ ಇವರ ಕೈಗೆ ಕೊಡೋಣ ಕಣೇ. ಇವತ್ತಿಂದ ಸಾರಿಗೆ ಉಪ್ಪು ಹಾಕ್ಕೋಬೋದು."

ಮುಳ್ಳನ್ನು ಮೊದಲಿದ್ದ ಜಾಗಕ್ಕೇ ಇಡಿಸಿ ಹೆಂಡತಿ ಫೋನು ಹಚ್ಚಿದಳು. ಮೆಕ್ಯಾನಿಕ್ ಪರವೂರಿನಲ್ಲಿದ್ದ. "ಅಕ್ಕಾ, ಮೊದ್ಲು ಇಂಜಿನ್‌ನಿಂದ ಮೀಟರ್‌ಗೆ ಪ್ರೆಶರ್ ತಿಳಿಸೋ ಸೆನ್ಸರ್ ಮೇಲೇ ಅನುಮಾನ. ಅದನ್ನ ಬಿಚ್ಚಿ, ಆ ತೂತಿಗೆ ಟೆಸ್ಟ್ ಗೇಜ್ ತಿರುಗಿಸಿ ಹಾಕಿ, ಆಮೇಲೆ ಸ್ಟಾರ್ಟ್ ಮಾಡಿ. ನಿಜವಾದ ಪ್ರೆಶರ್ ಎಷ್ಟಿದೆ ಅಂತ ಅದು ತೋರಿಸತ್ತೆ. ಗೇಜೂ ಹೊಸ ಸೆನ್ಸರೂ ನನ್ನ ಶೆಡ್ಡಲ್ಲೇ ಇದೆ, ಕೀಲಿ ಪಕ್ಕದ ಅಂಗಡೀಲಿದೆ."

"ನಾನು ಬರೋವರೆಗೆ ಒಂದು ಬೋಲ್ಟೂ ಮುಟ್ಬೇಡಿ" ಎಂದು ಹೇಳಿ ಹೆಂಡತಿ ಹೊರಟಳು.

ಮುಟ್ಟಬೇಡಿ ಎಂದ ಮೇಲೆ ಸುಮ್ಮನಿರಲು ಗಡಿಯಾರದವರೇನು ಸಂನ್ಯಾಸಿಯೇ? ಪ್ರೆಶರ್ ಇದೆಯೋ ಇಲ್ಲವೋ ನೋಡಲು ಗೇಜು ಯಾಕೆ, ದೇವರು ಕೊಟ್ಟ ಕಣ್ಣಿಲ್ಲವೇ ಎನ್ನಿಸಿತು. ಸೆನ್ಸರ್ ಬಿಚ್ಚಿಯೇಬಿಟ್ಟರು.

"ಅತ್ತೆ, ಒಂಚೂರು ಚಾವಿ ತಿರುಗಿಸ್ತೀರಾ?"

"ನನಗೆ ಗಾಡಿ ಬರಲ್ವಲ್ಲ, ಅಳಿಯಂದಿರೇ."

"ನ್ಯೂಟ್ರಲ್‌ನಲ್ಲಿದೆ. ಓಡಿಸೋದೇನೂ ಬೇಡ, ತಿರುಗಿಸಿದ್ರೆ ಸಾಕು."

ಅತ್ತೆ ಸೀಟು ಹತ್ತಿ, ಸೆರಗು ಸರಿಮಾಡಿಕೊಂಡು, ತಿರುಗಿಸಿದರು. ಗಡಿಯಾರದವರು ಬಗ್ಗಿ ತೂತಿನೊಳಗೆ ಇಣುಕಿದರು. ಇಂಜಿನ್ ಗುಡುಗಿತು. ಅಷ್ಟೇ! ಕರಿ ಆಯಿಲ್ ಕಾರಂಜಿಯಾಗಿ ಚಿಮ್ಮಿತು. ಮೊದಲ ಪಾಲು ಭೂತಗನ್ನಡಿಗೆ. ಉಳಿದದ್ದೆಲ್ಲ ಅವರ ಭುಜ ದಾಟಿ, ಹಿಂದಿನ ಹಗ್ಗದ ಮೇಲೆ ಹಂಸಗಳಂತೆ ತೂಗುತ್ತಿದ್ದ ಲಾಡ್ಜಿನ ಚಾದರಗಳಿಗೆ!

"ನಿಲ್ಲಿಸಿ! ಅತ್ತೆ, ಆರಿಸಿ!"

"ಹಚ್ಚೋದು ಹೇಳಿಕೊಟ್ರಿ, ಆರಿಸೋದು ಎಲ್ಲಿ ಹೇಳಿಕೊಟ್ರಿ?"

ಗೇಟಿನಿಂದ ಓಡಿಬಂದು ಚಾವಿ ತಿರುಗಿಸಿದವಳು ಹೆಂಡತಿ. ಒಂದು ಕೈಯಲ್ಲಿ ಗೇಜು, ಇನ್ನೊಂದರಲ್ಲಿ ಸೆನ್ಸರು. ಎದುರಿಗೆ ನಖಶಿಖಾಂತ ಕಪ್ಪಾದ ಪತಿದೇವರು.

"ಪ್ರೆಶರ್ ಇದೆ ಕಣೇ! ಬೇಕಾದಷ್ಟಿದೆ! ತಪ್ಪೆಲ್ಲ ಸೆನ್ಸರ್‌ದೇ!"

ರೋಗ ಕಂಡುಹಿಡಿದದ್ದು ನೂರಕ್ಕೆ ನೂರು ಸರಿ. ಹೆಂಡತಿ ಗೇಜು ಹಾಕಿ ನೋಡಿದಳು. ಅದೂ ಅದನ್ನೇ ಹೇಳಿತು. ಹೊಸ ಸೆನ್ಸರ್ ಬಿಗಿದು, ಚೆಲ್ಲಿದಷ್ಟು ಆಯಿಲ್ ತುಂಬಿ, ಹಗ್ಗದ ಕಡೆ ತಿರುಗಿದಳು.

"ಗಾಡಿಯೇನೋ ಹೊರಡತ್ತೆ. ಏನು ತುಂಬ್ಕೊಂಡು ಹೋಗ್ಲಿ, ಹೇಳಿ?"

ಗಡಿಯಾರದವರು ಅಂಗಿಯ ತೋಳು ಮಡಿಸಿದರು. ಕಲೆಯ ಮೇಲೆ ಪೌಡರು ಸುರಿದು ಆಯಿಲ್ ಹೀರಿಸಬೇಕು, ಆಮೇಲೆ ಪಾತ್ರೆ ಸೋಪು, ಆಮೇಲೆ ಬಿಸಿನೀರು.

"ಉಜ್ಜಬೇಡಿ ರೀ, ಹರಡತ್ತೆ! ಒತ್ತಿ. ಹಾಂ, ಹಾಗೆ."

"ಅಳಿಯಂದಿರೇ, ಆ ಮೂಲೇಲಿ ಒಂದು ಚುಕ್ಕೆ ಉಳಿದಿದೆ" ಎಂದು ಅತ್ತೆ ಕುರ್ಚಿಯಿಂದಲೇ ಉಸ್ತುವಾರಿ ನಡೆಸಿದರು.

ಕೂದಲಿನಂಥ ಸ್ಪ್ರಿಂಗು ಕೂರಿಸಿ ಪಳಗಿದ ಬೆರಳುಗಳು ಒಂದೊಂದು ಎಳೆಯನ್ನೂ ಒತ್ತಿ ಒತ್ತಿ ತೊಳೆದವು. ಭೂತಗನ್ನಡಿಗೆ ಕೊನೆಗೂ ಒಂದು ಪ್ರಯೋಜನ ಸಿಕ್ಕಿತು. ಬೆಳಗಾಗುವಷ್ಟರಲ್ಲಿ ಚಾದರಗಳು ಬೆಳ್ಳಗೆ ಇಸ್ತ್ರಿಯಾಗಿ ಪಿಕಪ್ಪು ಏರಿದವು. ಹೆಂಡತಿ ಹಿಂದಿರುಗಿ ಬಂದಾಗ ಮುಖ ಅರಳಿತ್ತು. ಕೆಲಸ ಕಾಯಂ!

"ಎಲ್ಲ ಹೇಳ್ಬಿಟ್ಟೆ ರೀ. ಮ್ಯಾನೇಜರು ಒಂದೊಂದೇ ಬಿಡಿಸಿ ಹುಡುಕಿದ್ರು. ಒಂದು ಕಲೇನೂ ಸಿಗ್ಲಿಲ್ಲ. ಯಾರ ಕೈ ಇದು ಅಂತ ಕೇಳಿದ್ರು. ನಮ್ಮನೆಯವರದು ಅಂದೆ."

ಗಡಿಯಾರದವರ ಎದೆ ಒಂದಂಗುಲ ಉಬ್ಬಿತು. ಉಬ್ಬಿದ ಎದೆಯೊಂದಿಗೇ ಹೋಗಿ ಅಂಗಡಿ ತೆರೆದರು. ಸ್ವಲ್ಪ ಹೊತ್ತಿಗೆ ದಪ್ಪನೆಯ ಮನುಷ್ಯನೊಬ್ಬ ದೊಡ್ಡ ಗಂಟು ಹೊತ್ತು ಮೆಟ್ಟಿಲು ಹತ್ತಿದ.

"ಬನ್ನಿ, ಬನ್ನಿ! ಗೋಡೆ ಗಡಿಯಾರವೋ?" ಎಂದು ಅವರು ಮೇಜು ತೆರವು ಮಾಡಿದರು.

"ಅಲ್ಲ ಸಾರ್. ನಾನು ಲಾಡ್ಜಿನ ಅಡುಗೆಯವನು." ಗಂಟು ಮೇಜಿನ ಮೇಲೆ ಧೊಪ್ಪನೆ ಬಿತ್ತು. ಬಿಚ್ಚಿದರೆ ಜಿಡ್ಡು ಹತ್ತಿ ಹತ್ತಿ ತಾವಾಗಿಯೇ ಎದ್ದು ನಿಲ್ಲುವಂತಿದ್ದ ಏಪ್ರನ್ನುಗಳು, ಒಂದು ರಾಶಿ. "ಚಾದರ ಎಲ್ಲ ಮೇಡಂ ನೋಡ್ಕೋತಾರಂತೆ. ಎಣ್ಣೆ ಕಲೆ ಮಾತ್ರ ನಿಮ್ಮ ವಿಭಾಗವಂತೆ. ಸಂಜೆ ಬರ್ಲಾ, ನಾಳೆ ಬರ್ಲಾ?"